ತೀರ್ಪುಗಾರರ ಮೇಜು

ನಾನು ಒಂದು ಮೇಜು. ಸಾಗುವಾನಿಯಲ್ಲ, ಬೀಟೆಯಲ್ಲ, ಬರೀ ಹಲಸು. ಹುಣಸೂರಿನ ಬಡಗಿ ಸಿದ್ದಾಚಾರ್ರ ಕೈಯಲ್ಲಿ ಹುಟ್ಟಿದೆ. ನಮ್ಮ ಮರದ ಬುಡದ ತುಂಡನ್ನು ಮೃದಂಗ ಮಾಡುವವರು ಕೊಂಡುಹೋದರು, ಉಳಿದ ಹಲಗೆಗಳಲ್ಲಿ ನಾನಾದೆ. ಇದನ್ನು ನೆನೆದು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ. ಒಂದೇ ಮರದ ಮಕ್ಕಳು ನಾವು. ಮೃದಂಗವಾದ ಅಣ್ಣನಿಗೆ ಸಭೆಯಲ್ಲಿ ಮರ್ಯಾದೆ, ನನಗೆ ಕಾಫಿ ಲೋಟದ ಕಲೆ. ಆದರೆ ಹಲಸಿನ ಗುಣ ಎಲ್ಲಿಗೆ ಹೋದೀತು? ಸದ್ದು ಎಲ್ಲಿ ಹುಟ್ಟಿದರೂ ನನ್ನ ಮೈಯಲ್ಲಿ ಒಂದಿಷ್ಟು ಹರಿಯುತ್ತದೆ.

ಮೊದಲು ಒಬ್ಬ ವಕೀಲರ ಮನೆಯಲ್ಲಿದ್ದೆ. ಅವರು ಕೋಪ ಬಂದಾಗೆಲ್ಲ ನನ್ನನ್ನೇ ಗುದ್ದುತ್ತಿದ್ದರು. ಸ್ಟೀಲಿನ ಮೇಜು ಬಂದ ಮೇಲೆ ದಾನದ ಹೆಸರಿನಲ್ಲಿ ನನ್ನನ್ನು ಊರಿನ ಶಾಲೆಗೆ ಸಾಗಹಾಕಿದರು. ಅಲ್ಲಿ ಹೆಡ್‌ಮಾಸ್ತರ ಕೋಣೆಯಲ್ಲಿ ಕೆಲಕಾಲ ದೊಡ್ಡಸ್ತಿಕೆಯಿಂದ ಇದ್ದೆ. ಒಂದು ಕಾಲು ಕುಂಟಾದ ಮೇಲೆ ಸಂಗೀತದ ಕೋಣೆಗೆ ತಳ್ಳಿದರು. ಕೆಟ್ಟುಹೋದ ಸಾಮಾನು, ಬೇಡದ ಪಾಠ, ಎರಡನ್ನೂ ಆ ಶಾಲೆಯಲ್ಲಿ ಒಂದೇ ಕಡೆ ಇಡುತ್ತಿದ್ದರು.

ಅಲ್ಲಿ ಸಂಗೀತದ ಟೀಚರ್ ವನಜಾಕ್ಷಿ ನನ್ನ ಕುಂಟು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟರು. ಕೆಲಸ ಕಾಯಂ ಅಲ್ಲ, ವರ್ಷ ವರ್ಷವೂ ಹೊಸದಾಗಿ ಕೇಳಿಕೊಳ್ಳಬೇಕು. ಆದರೂ ಪಾಠಕ್ಕೆ ಕೂತರೆ ಅವರ ಮುಖ ಅರಳುತ್ತಿತ್ತು. ಮಕ್ಕಳು ನನ್ನ ಸುತ್ತ ನಿಂತು ನನ್ನ ಮೈ ಮೇಲೇ ಆದಿತಾಳ ಹಾಕಿ ಕಲಿತರು. ಒಂದು ಏಟು, ಮೂರು ಬೆರಳು, ಮತ್ತೆ ಏಟು. ನನಗೂ ಬಂತು. ತಾಳ ತಪ್ಪಿದ ಮಗು ಗಾಬರಿಯಾದಾಗ ಟೀಚರ್ ಹೇಳುತ್ತಿದ್ದರು:

"ಹೆದರ್ಕೋಬೇಡಿ. ಎದುರಿಗೆ ತಿಳಿದೋರು ಕೂತಿದ್ರೆ ಅವರ ಕೈ ನೋಡಿ. ದಾರಿ ಸಿಗತ್ತೆ. ನನಗೆ ನಮ್ಮ ಗುರುಗಳು ಹೇಳ್ಕೊಟ್ಟಿದ್ದು ಇದು."

ಆ ಗುರುಗಳು ವಿದ್ವಾನ್ ಶ್ರೀಕಂಠಯ್ಯನವರು. ಸುತ್ತಮುತ್ತ ಸಂಗೀತ ಹೇಳಿಕೊಡುವವರಲ್ಲಿ ಮುಕ್ಕಾಲು ಜನ ಅವರ ಶಿಷ್ಯರೇ. ಪ್ರತಿವರ್ಷ ನಮ್ಮ ಶಾಲೆಯ ಸಭಾಂಗಣದಲ್ಲಿ ತಾಲ್ಲೂಕಿನ ಶಾಲೆಗಳ ಸಂಗೀತೋತ್ಸವ ನಡೆಯುತ್ತದೆ. ತೀರ್ಪುಗಾರರು ಮೂವರು: ನಡುವೆ ಶ್ರೀಕಂಠಯ್ಯನವರು, ಆ ಪಕ್ಕ ಭಾರ್ಗವಿ ಮೇಡಂ, ಈ ಪಕ್ಕ ನಟೇಶ್ ಮೇಷ್ಟ್ರು. ಈ ಇಬ್ಬರಿಗೂ ತಲೆ ನರೆತಿತ್ತು, ಸಾವಿರಾರು ಮಕ್ಕಳಿಗೆ ಪಾಠ ಹೇಳಿದ್ದರು. ಆದರೆ ಗುರುಗಳ ಎದುರು ಇಬ್ಬರೂ ಚಿಕ್ಕ ಮಕ್ಕಳೇ. ಗುರುಗಳು ಅಂಕ ಹಾಕಿದ ಮೇಲೆ ಒಮ್ಮೆ ಅತ್ತ ಕಣ್ಣು ಹಾಯಿಸಿ, ಆಮೇಲೆ ತಮ್ಮ ಪೆನ್ನು ತೆಗೆಯುತ್ತಿದ್ದರು. ಆ ದಿನಗಳಲ್ಲಿ ನನ್ನ ಮೇಲೆ ಹಸಿರು ಬಟ್ಟೆ ಹೊದಿಸಿ ಹೂದಾನಿ ಇಡುತ್ತಿದ್ದರು. ಅಣ್ಣ ಮೃದಂಗದ ಎದುರಿಗೆ ನಾನೂ ಸ್ವಲ್ಪ ಬೀಗುತ್ತಿದ್ದೆ.

ನಾನು ಹೇಳಹೊರಟಿರುವ ವರ್ಷ ಬೇಸಗೆಗೆ ಮೊದಲೇ ಶಾಲೆಯ ಕಾರ್ಯದರ್ಶಿ ಲೋಕನಾಥ್ ಕೋಣೆಗೆ ಬಂದರು. ಕೂರಲೂ ಇಲ್ಲ.

"ನೋಡಿ ಮೇಡಂ, ಪೇರೆಂಟ್ಸ್ ಎಲ್ಲ ಅಬ್ಯಾಕಸ್ ಕೇಳ್ತಿದಾರೆ. ಈ ಸಲ ಉತ್ಸವದಲ್ಲಿ ನಮ್ಮ ಶಾಲೆಗೆ ಮೊದಲನೇ ಬಹುಮಾನ ಬಂದ್ರೆ ಸರಿ, ಕಮಿಟಿಗೆ ಏನೋ ಒಂದು ಹೇಳ್ತೀನಿ. ಇಲ್ಲಾಂದ್ರೆ ಜೂನ್‌ನಿಂದ ಸಂಗೀತದ ಕ್ಲಾಸ್ ಇರಲ್ಲ."

"ಮಕ್ಕಳು ಚೆನ್ನಾಗಿ ಕಲೀತಿದಾರೆ ಸರ್."

"ಕಲೀಲಿ. ಕಮಿಟಿಗೆ ಕಪ್ ತೋರಿಸ್ಬೇಕಲ್ಲ."

ಅವರು ಹೋದ ಮೇಲೆ ವನಜಾಕ್ಷಿ ನನ್ನ ಮೇಲೆ ಎರಡೂ ಮೊಣಕೈ ಊರಿ ಮಕ್ಕಳ ಹಾಜರಿ ಪುಸ್ತಕ ತೆರೆದರು. ಸಂಗೀತ ಬಿಟ್ಟರೆ ಅವರಿಗೆ ಬೇರೆ ಕೆಲಸ ಬರದು. ಆ ಮಕ್ಕಳಿಗೋ ಈ ಕೋಣೆ ಬಿಟ್ಟರೆ ಹಾಡುವುದಕ್ಕೆ ಬೇರೆ ಜಾಗ ಇಲ್ಲ.

ಸಿಂಚನಳನ್ನು ಆರಿಸಿದರು. ಬಸ್ ಸ್ಟ್ಯಾಂಡಿನ ಪಕ್ಕ ಇಸ್ತ್ರಿ ಅಂಗಡಿ ಇಟ್ಟವರ ಮಗಳು, ಎಂಟನೇ ಕ್ಲಾಸು. ಕಂಠ ಎಂದರೆ ಕಂಠ. ಟೀಚರ್ ಅವಳಿಗೆ ಸ್ವಲ್ಪ ಕಷ್ಟದ ಕೃತಿಯನ್ನೇ ಕಲಿಸಿದರು. ಅದರಲ್ಲಿ ತಾಳದ ಏಟು ಬಿದ್ದ ಕೂಡಲೇ ಹಾಡುವಂತಿಲ್ಲ. ಅರ್ಧ ಎಣಿಕೆ ಬಾಯಿ ಮುಚ್ಚಿಕೊಂಡಿದ್ದು ಆಮೇಲೆ ಎತ್ತಿಕೊಳ್ಳಬೇಕು. ಸಿಂಚನ ನನ್ನ ಅಂಚಿಗೆ ಕೈ ಬಡಿದು ಬಡಿದು ಅದನ್ನು ಗಟ್ಟಿ ಮಾಡಿಕೊಂಡಳು. ಕೊನೆಗೆ ಅವಳು ತಪ್ಪುವ ಮಾತೇ ಇರಲಿಲ್ಲ.

ಉತ್ಸವದ ದಿನ ಶ್ರೀಕಂಠಯ್ಯನವರು ಬಂದವರೇ ನನ್ನನ್ನು ವೇದಿಕೆಯ ಮೇಲೆ ಹಾಕಿಸಿದರು, ಹಾಡುವವರಿಗೆ ತೀರ ಹತ್ತಿರ. "ಮಕ್ಕಳ ಮುಖ ಕಾಣ್ಬೇಕಪ್ಪ" ಎಂದರು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ಎಲ್ಲರೂ ವಯಸ್ಸು ಎಂದುಕೊಂಡರು. ನನಗೆ ಮೊದಲ ಹಾಡಿಗೇ ಅನುಮಾನ ಬಂತು. ವೇದಿಕೆಯ ಹಲಗೆಯಿಂದ ಮೃದಂಗದ ಪೆಟ್ಟು ನನ್ನ ಕಾಲಿಗೆ ಬರುತ್ತಿತ್ತು, ಮೇಲಿನಿಂದ ಗುರುಗಳ ಬೆರಳಿನ ಪೆಟ್ಟು. ಎರಡೂ ಒಂದೇ ಆಗಿರಬೇಕಲ್ಲ? ಆಗಿರಲಿಲ್ಲ, ಬೆರಳಿನದು ಒಂದು ಕೂದಲೆಳೆಯಷ್ಟು ತಡ. ಗುರುಗಳಿಗೆ ಕಿವಿ ಕೇಳುತ್ತಿರಲಿಲ್ಲ. ಹಾಡುವ ಮಗುವಿನ ತುಟಿ ನೋಡಿಕೊಂಡು ತಾಳ ಹಾಕುತ್ತಿದ್ದರು. ಏಟಿನ ಮೇಲೇ ಶುರುವಾಗುವ ಹಾಡುಗಳಿಗೆ ಅದು ಹೇಗೋ ಸರಿಹೋಗುತ್ತಿತ್ತು. ಐವತ್ತು ವರ್ಷದ ಅಭ್ಯಾಸ, ಉಳಿದದ್ದನ್ನು ಅದೇ ತೂಗಿಸುತ್ತಿತ್ತು.

ಸಿಂಚನಳ ಹಾಡು ಹತ್ತಿರ ಬಂದಂತೆ ನನಗೆ ಜೀವ ಹೋಗುವ ಹಾಗಾಯಿತು. ಅವಳು ಬಾಯಿ ತೆರೆಯುವುದು ಏಟಿನ ಮೇಲಲ್ಲ. ಇವರ ಕೈ ಬೀಳುವುದು ಅವಳು ಬಾಯಿ ತೆರೆದಾಗ. ಕೀಲು ಕಿರ್‍ರೆನ್ನಲಿ, ಕುಂಟು ಕಾಲು ಮುರಿದು ನಾನು ಬಿದ್ದೇ ಹೋಗಲಿ, ಇವರ ಕೈ ಒಮ್ಮೆ ನಿಲ್ಲಲಿ ಎಂದು ಹಂಬಲಿಸಿದೆ. ರಟ್ಟು ಭದ್ರವಾಗಿತ್ತು. ನಾನು ಅಲುಗಲಿಲ್ಲ.

ಅವಳು ಅರ್ಧ ಎಣಿಕೆ ಬಿಟ್ಟು ಸರಿಯಾಗಿ ಎತ್ತಿಕೊಂಡಳು. ಅದೇ ಗಳಿಗೆಗೆ ಗುರುಗಳ ಕೈ ನನ್ನ ಮೇಲೆ ಧಪ್ಪನೆ ಬಿತ್ತು. ಅವಳ ಕಣ್ಣು ಆ ಕೈ ಕಂಡಿತು. ತೊಡೆಯ ಮೇಲಿದ್ದ ತನ್ನ ತಾಳವನ್ನು ಬಿಟ್ಟು, ಟೀಚರ್ ಹೇಳಿಕೊಟ್ಟಂತೆ, ತಿಳಿದವರ ಕೈಯನ್ನು ಹಿಡಿದಳು. ಮೃದಂಗ ಒಂದು ದಾರಿ, ಅವಳು ಒಂದು ದಾರಿ. ತಾಳದ ನಾಲ್ಕು ಸುತ್ತು ತಡಕಾಡಿದಳು, ಸಭೆಯಲ್ಲಿ ಯಾರೋ ನಕ್ಕರು, ಅವಳ ಧ್ವನಿ ಒಡೆಯಿತು. ಗುರುಗಳು ತಲೆಯಾಡಿಸಿ ಬರೆದರು: ತಾಳ ಶುದ್ಧಿಯಿಲ್ಲ. ಬಟ್ಟೆ ದಾಟಿ ಇಳಿದ ಆ ಪೆನ್ನಿನ ಒತ್ತು ಈಗಲೂ ನನ್ನ ಮೈ ಮೇಲಿದೆ.

ಕಾಫಿ ಬಂತು. ಭಾರ್ಗವಿ ಮೇಡಂ ಲೋಟದ ಮರೆಯಲ್ಲಿ ಹೇಳಿದರು:

"ಮಗು ಸರಿಯಾಗೇ ಎತ್ಕೊಂಡ್ಳು ನಟೇಶ್. ಇವರ ಕೈ ನೋಡಿ ಕೆಟ್ಳು."

"ಗೊತ್ತು. ಹೇಳೋರ್ಯಾರು? ನೀವು ಹೇಳ್ತೀರಾ?"

"ನಾನಾ? ನನಗೆ ಮೊದಲನೇ ಪಾಠ, ಸರಳೆ ವರಸೆ, ಹೇಳ್ಕೊಟ್ಟೋರು ಅವರು. ಯಾವ ಬಾಯಲ್ಲಿ ಹೇಳ್ಲಿ?"

ಇಬ್ಬರ ನಡುವೆ ಗುರುಗಳು ಕಾಫಿ ಕುಡಿಯುತ್ತ ಮುಗುಳ್ನಗುತ್ತಿದ್ದರು. ನಟೇಶ್ ಮೇಷ್ಟ್ರು ಗುರುಗಳ ಅಂಕದ ಕಡೆ ನೋಡಿ, ತಮ್ಮದನ್ನೂ ಅದರ ಹತ್ತಿರಕ್ಕೆ ಇಳಿಸಿದರು. ಮೇಡಂ ಕೂಡ.

ಫಲಿತಾಂಶ ಹೇಳುವ ಮೊದಲು ಯಾವ ಶಾಲೆಯ ಟೀಚರಿಗೆ ತಕರಾರು ಇದ್ದರೂ ತೀರ್ಪುಗಾರರ ಹತ್ತಿರ ಬಂದು ಹೇಳಬಹುದು ಎನ್ನುವುದು ಉತ್ಸವದ ಪದ್ಧತಿ. ವನಜಾಕ್ಷಿ ಬಂದರು. ಅವರಿಗೂ ಎಲ್ಲ ಕಂಡಿತ್ತು. ನನ್ನ ಅಂಚನ್ನು ಹಿಡಿದುಕೊಂಡರು. ಮೇಡಂ ಮತ್ತು ಮೇಷ್ಟ್ರು ತಲೆ ತಗ್ಗಿಸಿದರು. ಹೇಳಮ್ಮ, ನಿನ್ನ ಅನ್ನ, ನಿನ್ನ ಮಕ್ಕಳ ಹಾಡು, ಎಲ್ಲ ಈ ಒಂದು ಮಾತಿನಲ್ಲಿದೆ, ಹೇಳಿಬಿಡು ಎಂದು ನಾನು ಒಳಗೊಳಗೇ ಗೋಗರೆದೆ.

"ಏನಮ್ಮ ವನಜಾ?" ಗುರುಗಳು ಪ್ರೀತಿಯಿಂದಲೇ ಕೇಳಿದರು.

"ಏನಿಲ್ಲ ಗುರುಗಳೇ," ಎಂದರು ವನಜಾಕ್ಷಿ. "ಕಾಫಿ ಬಿಸಿಯಾಗಿತ್ತಾ ಅಂತ ಕೇಳೋಕೆ ಬಂದೆ."

ಬಹುಮಾನ ಬೇರೆ ಶಾಲೆಗೆ ಹೋಯಿತು. ಸಂಗೀತದ ಕ್ಲಾಸು ನಿಂತಿತು.

ಟೀಚರ್ ಕೋಣೆ ಖಾಲಿ ಮಾಡುವ ದಿನ ಗುರುಗಳು ಸುದ್ದಿ ತಿಳಿದು ಬಂದರು. "ಮನಸ್ಸಿಗೆ ಹಚ್ಕೋಬೇಡ. ಇನ್ನೊಂದು ಶಾಲೆ ಸಿಗತ್ತೆ. ಆದ್ರೆ ಆ ಹುಡುಗಿಗೆ ನೀನು ತಾಳ ಗಟ್ಟಿ ಮಾಡಿಸ್ಬೇಕಾಗಿತ್ತು ಕಣಮ್ಮ" ಎಂದರು.

"ಹೌದು ಗುರುಗಳೇ" ಎಂದು ವನಜಾಕ್ಷಿ ಬಗ್ಗಿ ಅವರ ಕಾಲು ಮುಟ್ಟಿದರು. ಬಗ್ಗಿದವರ ಮುಖ ಗುರುಗಳಿಗೆ ಕಾಣಲಿಲ್ಲ. ನನ್ನ ಕಾಲಿನ ಮಟ್ಟಕ್ಕೆ ಬಂದಿದ್ದರಿಂದ ನನಗೆ ಕಂಡಿತು. ಅಂಥ ಮುಖವನ್ನು ಇನ್ನೊಮ್ಮೆ ನೋಡುವ ಶಕ್ತಿ ನನಗಿಲ್ಲ.

ಟೀಚರ್ ಬೀಗದ ಕೈ ಕೊಟ್ಟುಬರಲು ಆಫೀಸಿಗೆ ಹೋದರು. ಗುರುಗಳು ಒಬ್ಬರೇ ಕೂತು, ಸುಸ್ತಾಗಿ ನನ್ನ ಮೇಲೆ ತಲೆಯಿಟ್ಟರು. ಬೆರಳು ಅಭ್ಯಾಸದಂತೆ ತಾಳ ಹಾಕಿತು. ತಟ್ಟನೆ ಬೆರಳು ನಿಂತಿತು. ನನ್ನ ಮರಕ್ಕೆ ಒತ್ತಿದ್ದ ಕಿವಿಗೆ ಪೆಟ್ಟು ಸ್ಪಷ್ಟವಾಗಿ ಕೇಳಿಸಿತ್ತು. ತಲೆಯೆತ್ತಿ ತಟ್ಟಿದರು, ಏನೂ ಇಲ್ಲ. ಕಿವಿಯಿಟ್ಟು ತಟ್ಟಿದರು, ಇದೆ. ಮತ್ತೆ ಎತ್ತಿದರು. ತಾವು ಎಷ್ಟು ಕಳೆದುಕೊಂಡಿದ್ದೇವೆ ಎಂದು ಅವರಿಗೆ ಆಗ ತಿಳಿಯಿತು. ವನಜಾಕ್ಷಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅವತ್ತು ತಪ್ಪಿದ್ದು ನನ್ನ ಕೈಯಾ ವನಜಾ?"

"ಇಲ್ಲ ಗುರುಗಳೇ."

ತುಟಿ ನೋಡಿ ಅವರು ಉತ್ತರ ತಿಳಿದುಕೊಂಡರು. ಮುಖ ನೋಡಿ ಅದು ಸುಳ್ಳೆಂದೂ ತಿಳಿದುಕೊಂಡರು.

ಗುರುಗಳು ಮತ್ತೆ ತೀರ್ಪಿಗೆ ಕೂರಲಿಲ್ಲ. ಕೋಣೆಯಲ್ಲಿ ಅಬ್ಯಾಕಸ್ ಬಂತು, ಮಣಿಗಳ ಟಕಟಕ ಸದ್ದು ಬಂತು. ಸಿಂಚನ ಪ್ರಾರ್ಥನೆಯಲ್ಲೂ ಬಾಯಿ ಬಿಡುವುದಿಲ್ಲವಂತೆ. ನನ್ನನ್ನು ಬಿಸಿಯೂಟದ ಅಡಿಗೆಮನೆಗೆ ಹಾಕಿದ್ದಾರೆ. ನನ್ನ ಮೇಲೆ ಕುಂಬಳಕಾಯಿ ಹೆಚ್ಚುತ್ತಾರೆ. ಮೈಯೆಲ್ಲ ಕಚ್ಚು, ಒಂದು ಕಾಲಿಗೆ ಗೆದ್ದಲು. ಇಲ್ಲಿ ಕೂತು ಅದೇ ದಿನವನ್ನು ಮೆಲುಕು ಹಾಕುತ್ತೇನೆ. ಬಾಯಿಲ್ಲವಲ್ಲ ಎಂದು ನನ್ನನ್ನು ನಾನೇ ಬಹಳ ಶಪಿಸಿಕೊಂಡೆ. ಈಗ ಶಪಿಸಿಕೊಳ್ಳುವುದಿಲ್ಲ. ನಾನು ಮರ, ನನಗೆ ಬಾಯಿಲ್ಲ. ಆ ದಿನ ನನ್ನ ಸುತ್ತ ಬಾಯಿದ್ದವರೇ ಕೂತಿದ್ದರು.