ಕನ್ನಡಿಯಲ್ಲಿ ಎರಡು ಬಾಯಿ

ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ಟೀಚರಮ್ಮನಿಗೆ ಬಾಯಿಯೇ ಪಾಟಿ, ಬಾಯಿಯೇ ಬಳಪ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ದೊಡ್ಡ ಕನ್ನಡಿಯ ಮುಂದೆ ತುಟಿ ಬಿಡಿಸಿ, ನಾಲಿಗೆ ಎಲ್ಲಿ ತಾಗುತ್ತದೆ, ಉಸಿರು ಹೇಗೆ ಹೊರಡುತ್ತದೆ ಎಂದು ತೋರಿಸುವುದು ಅವಳ ಕೆಲಸ. ದಿನವೂ ಕನ್ನಡಿ ಒರೆಸುವಾಗ ಒಂದು ಗಳಿಗೆ ಕಣ್ಣು ಮುಚ್ಚಿ, ಕೊಟ್ಟವನೇ ಈ ಬಾಯನ್ನು ದುಡಿಸಿಕೊಳ್ಳಲಿ ಎಂದು ಬೇಡಿಕೊಳ್ಳುವಳು.

ಅಂಥವಳಿಗೂ ಬಾಯಿ ತೆರೆಯಲು ನಾಚಿಕೆ ಹುಟ್ಟಿಸಿದ್ದು ಒಂದು ಫೋಟೋ. ಶಾಲೆಯವರೆಲ್ಲ ಸೇರಿ ತೆಗೆಸಿಕೊಂಡದ್ದು. ಅದರಲ್ಲಿ ಅವಳು ಬಾಯ್ತುಂಬ ನಕ್ಕಿದ್ದಳು. ಎಳೆ ಪ್ರಾಯದಲ್ಲಿ ಬಿದ್ದು ಮುರಿದುಕೊಂಡ ಮುಂದಿನ ಹಲ್ಲಿಗೆ ಹಾಕಿಸಿದ್ದ ಕ್ಯಾಪು, ಆ ಪಿಂಗಾಣಿ ಟೊಪ್ಪಿ, ಅಂದಿನಷ್ಟೇ ಬೆಳ್ಳಗಿತ್ತು. ಅಕ್ಕಪಕ್ಕದವು ಹಳದಿಗೆ ತಿರುಗಿದ್ದವು.

“ಹಳೇ ಗೋಡೆಗೆ ಒಂದೇ ಕಡೆ ಸುಣ್ಣ ಬಳಿದ ಹಾಗಿದೆಯಲ್ಲೇ ಅಕ್ಕಾ” ಎಂದು ತಂಗಿ ನಕ್ಕಳು. ತಂಗಿ ಸಂಜೆಯ ಹೊತ್ತಿಗೆ ಮರೆತಳು, ಅಕ್ಕ ಮರೆಯಲಿಲ್ಲ.

ಹಲ್ಲಿನ ಡಾಕ್ಟರು ಸಮಾಧಾನದ ಮನುಷ್ಯ. ವಯಸ್ಸಾದಂತೆ ಮೇಲಿನ ಬಿಳಿ ಪದರ ಸವೆದು ಒಳಗಿನ ಹಳದಿ ಇಣುಕುತ್ತದೆ, ಕಾಫಿ ಟೀಗಳದ್ದೂ ಒಂದಿಷ್ಟು ಪಾಲಿರುತ್ತದೆ ಎಂದರು. ಕ್ಲೀನ್ ಮಾಡಿಸಿದರೆ ಮೇಲಿನ ಕರೆ ಹೋದೀತು, ಒಳಗಿನ ಬಣ್ಣ ಹೋಗದು. ಅದಕ್ಕೆ ಹಲ್ಲಿನ ಅಳತೆಯ ಅಚ್ಚಿನಲ್ಲಿ ಬಿಳುಪು ಮಾಡುವ ಜೆಲ್ ತುಂಬಿ ರಾತ್ರಿ ಮನೆಯಲ್ಲೇ ಹಾಕಿಕೊಳ್ಳಬಹುದು, ಇಲ್ಲವೇ ಇಲ್ಲೇ ಕುರ್ಚಿಯಲ್ಲಿ ಬೇಗ ಮುಗಿಸಬಹುದು. ತೆಳು ಪದರ ಅಂಟಿಸುವುದೂ ಉಂಟು, ಆದರೆ ಗಟ್ಟಿ ಹಲ್ಲನ್ನು ತುಸು ಸವೆಸಬೇಕಾದೀತು. ಟೊಪ್ಪಿ ಮಾತ್ರ ಯಾವ ಜೆಲ್ಲಿಗೂ ಜಗ್ಗದು. ಉಳಿದವು ಅದರ ಹತ್ತಿರ ಬಂದರೆ ಪುಣ್ಯ. ಅವಳು ಮನೆಯ ಜೆಲ್ಲನ್ನೇ ಆರಿಸಿಕೊಂಡಳು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತಿತ್ತು, ಸಹಿಸಿದಳು. ಬಣ್ಣ ತಿಳಿಯಾಗುವವರೆಗೆ ಹಲ್ಲು ಕಾಣದಿರಲೆಂದು ಮೇಲ್ತುಟಿಯನ್ನು ಕೆಳಗೆಳೆದುಕೊಂಡು ಮಾತಾಡುವುದು ಅವಳಿಗೇ ಗೊತ್ತಿಲ್ಲದಂತೆ ರೂಢಿಯಾಯಿತು.

ಆಗ ಅವಳಲ್ಲಿ ಕಲಿಯುತ್ತಿದ್ದವಳು ಒಬ್ಬ ಪುಟ್ಟ ಹುಡುಗಿ. ಕಂಡದ್ದನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದುದರಿಂದ ತಾತ ಅವಳಿಗೆ ಇಟ್ಟ ಹೆಸರು ಪಿಳಿಪಿಳಿ. ಬಸ್ಸಿನಲ್ಲಿ ಕರೆತರುವವನೂ ಕಾಯುವವನೂ ಅವನೇ. ಅವಳ ಬಾಯಲ್ಲಿ ‘ತಾತ’ ಎಂದು ಕರೆಸಬೇಕೆಂಬುದು ಟೀಚರಮ್ಮನ ಹಟ. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗಬೇಕು, ಅಷ್ಟೇ. ಮೊದಮೊದಲು ಹುಡುಗಿ ಹತ್ತಿರ ಹತ್ತಿರ ಬಂದಿದ್ದಳು. ಈಗೀಗ ಬರೀ ಮೂಗಿನಲ್ಲಿ ಗುಂಯ್‌ಗುಡುತ್ತಿದ್ದಳು. ಟೀಚರಮ್ಮ ಕಿವಿಯ ಯಂತ್ರ ಬಿಚ್ಚಿ ನೋಡಿದಳು, ಬ್ಯಾಟರಿ ಬದಲಿಸಿದಳು. ಫಲವಿಲ್ಲ.

ಕೊನೆಗೊಂದು ದಿನ ತಾತ ಬಾಗಿಲಲ್ಲೇ ನಿಂತ.

“ಸಾಕು ಬಿಡಿ ಟೀಚರಮ್ಮ. ಅವಳೂ ಸೋತ್ಲು, ನೀವೂ ಸೋತ್ರಿ. ದೇವ್ರೇ ಕೊಡದ ಮಾತನ್ನ ನಾವು ಕಿತ್ಕೊಳ್ಳೋಕಾಗುತ್ತಾ? ನಾಳೆಯಿಂದ ಬರಲ್ಲ.”

“ಇವತ್ತಿನ ಪಾಠ ಇನ್ನೂ ಇದೆ. ಕೂತ್ಕೊಳ್ಳಿ” ಎಂದಳು ಅವಳು.

ಕನ್ನಡಿಯ ಮುಂದೆ ಕೂತು ‘ತಾ’ ಎಂದಳು. ಹುಡುಗಿಯೂ ಬಾಯಿ ಆಡಿಸಿದಳು. ಇಷ್ಟು ದಿನ ಕನ್ನಡಿಯಲ್ಲಿ ತನ್ನ ಹಲ್ಲನ್ನೇ ಕಾಯುತ್ತಿದ್ದ ಟೀಚರಮ್ಮ ಅಂದು ಮಗುವಿನ ಮುಖ ನೋಡಿದಳು. ಆ ಎಳೆಯ ಮೇಲ್ತುಟಿ ಕೆಳಗೆ ಬಿಗಿದುಕೊಂಡಿತ್ತು, ಬಾಯಿಯ ಮೂಲೆಗಳು ಮಡಚಿಕೊಂಡಿದ್ದವು, ಥೇಟ್ ತನ್ನದರ ಹಾಗೆಯೇ. ಅವಳು ಹಲ್ಲು ಬಚ್ಚಿಟ್ಟದ್ದನ್ನೂ ಮಗು ಪಾಠವೆಂದೇ ನಂಬಿ ಶ್ರದ್ಧೆಯಿಂದ ಕಲಿತಿತ್ತು.

ತಪ್ಪಾಯಿತಪ್ಪಾ ಎಂದು ಟೀಚರಮ್ಮ ಒಳಗೇ ದೇವರಿಗೆ ಕೈಮುಗಿದಳು. ಜೆಲ್ಲು ರಾತ್ರಿ ತನ್ನ ಕೆಲಸ ತಾನು ಮಾಡಿಕೊಳ್ಳಲಿ, ಹಗಲು ಈ ಬಾಯಿ ಮಗುವಿನದು ಎಂದುಕೊಂಡಳು. ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಹಳದಿ, ಬಿಳಿ ಎಲ್ಲ ಕಾಣುವಂತೆ ತುಟಿ ಎತ್ತಿದಳು.

ಪಿಳಿಪಿಳಿ ಬೆರಳು ಚಾಚಿ ಟೊಪ್ಪಿಯನ್ನು ಮುಟ್ಟಿದಳು, ಪಕ್ಕದ ಹಳದಿ ಹಲ್ಲನ್ನು ಮುಟ್ಟಿದಳು, ಹುಬ್ಬೇರಿಸಿದಳು. ಟೀಚರಮ್ಮ ಮುಖ ತಿರುಗಿಸಲಿಲ್ಲ. ಹುಡುಗಿಯ ತುಟಿಯನ್ನು ಬೆರಳಿಂದ ಮೆಲ್ಲಗೆ ಮೇಲೆತ್ತಿ ಮತ್ತೆ ಹೇಳಿಸಿದಳು. ತುಟಿ ಮತ್ತೆ ಬಿಗಿದುಕೊಂಡಿತು. ಮತ್ತೆ ಎತ್ತಿದಳು. ಕಲಿಸಿದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟವೆಂದು ಅವಳಿಗೆ ಗೊತ್ತಿತ್ತು. ಅವಳೂ ಬಿಡುವ ಪೈಕಿಯಲ್ಲ. ತಾತ ಎರಡು ಸಲ ಎದ್ದು ನಿಂತು, ಎರಡು ಸಲವೂ ಕೂತ.

ಬಿಸಿಲು ಕಿಟಕಿ ದಾಟುವ ಹೊತ್ತಿಗೆ ಒರಟಾಗಿ, ಅರ್ಧ ಉಸಿರಾಗಿ ಬಂತು: “ಥಾ… ತ.”

ಮುದುಕ ತಲೆಯೆತ್ತಿದ.

“ಯಾರನ್ನ ಕರೀತಾಳೆ?”

“ನಿಮ್ಮನ್ನೇ. ಮೊದಲನೇದು ಇನ್ನೂ ಸರಿಯಾಗಿಲ್ಲ, ತಡೀರಿ” ಎಂದು ಟೀಚರಮ್ಮ ಕನ್ನಡಿಯ ಕಡೆ ತಿರುಗಿ ಮತ್ತೆ ಬಾಯಿ ತೆರೆದಳು.