ಮುಂದಿನ ಚಕ್ರದ ನಟ್ಟು

ಅದನ್ನು ಸೈಕಲ್ಲು ಎಂದು ಕರೆಯಲು ಮಾವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಮಗರಾಯ ಎಂದೋ ರಿಯಾಯಿತಿ ಮಾರಾಟದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದು, ನಾಲ್ಕು ದಿನ ಮೆರೆದು, ಮೆಟ್ಟಿಲ ಕೆಳಗೆ ತಳ್ಳಿದ್ದ ತಗಡು ಅದು. ಹ್ಯಾಂಡಲ್ಲಿನ ಮೇಲೆ ಒದ್ದೆ ಟವೆಲು, ಸೀಟಿನ ಮೇಲೆ ಈರುಳ್ಳಿ ಚೀಲ. ಜೀವಮಾನವಿಡೀ ಸೈಕಲ್ ಅಂಗಡಿ ನಡೆಸಿದ ಮಾವ ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಈಗ ಅದೇ ಗತಿಯಾಯಿತು. ಅತ್ತೆ, ಸೊಸೆ ಇಬ್ಬರೂ ಇಳಿಜಾರಿನ ಬುಡದಲ್ಲಿದ್ದ ಹೊಲಿಗೆ ಕಾರ್ಖಾನೆಗೆ ಹೋಗುವವರು. ಅತ್ತೆಯ ಮಂಡಿ ಮುಷ್ಕರ ಹೂಡಿತ್ತು. ಸೊಸೆ ತುಳಿಯುವುದು, ಅತ್ತೆ ಕ್ಯಾರಿಯರ್ ಮೇಲೆ ಕೂರುವುದು ಎಂದು ತೀರ್ಮಾನವಾಯಿತು. ಮಗರಾಯನಿಗಂತೂ ಸ್ಪ್ಯಾನರನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದೂ ಗೊತ್ತಿಲ್ಲ. ರಿಪೇರಿ ನನ್ನದು ಎಂದು ಮಾವ ಹಟ ಹಿಡಿದರು. ಬಲಗೈಗೆ ಲಕ್ವ ಹೊಡೆದು ಅಂಗಡಿ ಮುಚ್ಚಿದ ಮೇಲೆ ಅವರು ಸ್ಪ್ಯಾನರ್ ಮುಟ್ಟಿದ್ದು ಅದೇ ಮೊದಲು.

ತುಕ್ಕು ಉಜ್ಜಿ, ಚೈನಿಗೆ ಎಣ್ಣೆ ಬಿಟ್ಟು, ಬ್ರೇಕ್ ವೈರು ಬದಲಾಯಿಸಿ, ಎಡಗೈಯಲ್ಲೇ ಮುಕ್ಕಾಲು ಕೆಲಸ ಮುಗಿಸಿದರು. ಮುಂದಿನ ಚಕ್ರದ ನಟ್ಟಿಗೆ ಮಾತ್ರ, ಹಳೇ ಅಭ್ಯಾಸ, ಬಲಗೈ ಹೋಯಿತು. ಸ್ಪ್ಯಾನರ್ ಜಾರಿತು. ಮತ್ತೆ ಜಾರಿತು. ಆಮೇಲೆ ಹಲ್ಲು ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿ, "ಹ್ಞಾ, ಆಯ್ತು!" ಎಂದರು. ಸ್ಪ್ಯಾನರ್ ಕೂದಲೆಳೆಯಷ್ಟೂ ಅಲ್ಲಾಡಿರಲಿಲ್ಲ. ಎದುರಿಗೆ ಚಕ್ರ ಹಿಡಿದು ಕೂತಿದ್ದ ಸೊಸೆಗೆ ಅದು ಕಂಡಿತು. ಆದರೆ ಎಷ್ಟೋ ದಿನದ ಮೇಲೆ ಮುಖವರಳಿದ ಮನುಷ್ಯನ ಮೇಲೆ ತಣ್ಣೀರೆರಚಲು ಅವಳಿಗೆ ಮನಸ್ಸು ಬರಲಿಲ್ಲ. ಗುಟ್ಟಾಗಿ ತಾನೇ ಬಿಗಿ ಮಾಡೋಣವೆಂದರೆ, ಪುಣ್ಯಾತ್ಮರು ಸ್ಪ್ಯಾನರನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಅತ್ತೆ ಊಟದ ಡಬ್ಬಿ ಹಿಡಿದು ಕ್ಯಾರಿಯರ್ ಏರಿದರು.

"ಹೊರಡೇ ತಾಯಿ. ಇವರು ಬಿಗಿ ಮಾಡಿದ್ದು ಬಿಚ್ಚೋಕೆ ದೆವ್ವಾನೇ ಬರ್ಬೇಕು."

ಬಾಗಿಲಲ್ಲಿ ನಿಂತ ಮಾವ ಮೀಸೆಯಡಿಯಲ್ಲಿ ನಕ್ಕರು. ಸೊಸೆ ಒಂದು ಕಾಲು ಪೆಡಲ್ ಮೇಲಿಟ್ಟಳು. ಇನ್ನೊಂದು ನೆಲ ಬಿಡಲೊಲ್ಲದು. ಮನೆ ಮುಂದೆಯೇ ಇಳಿಜಾರು, ಕೆಳಗೆ ಲಾರಿಗಳು ತಿರುಗುವ ರಸ್ತೆ. ಒಂದು ಗುಂಡಿಗೆ ಬಿದ್ದರೆ ಸಾಕು, ಚಕ್ರ ಕಳಚಿಕೊಳ್ಳುತ್ತದೆ. ಸುಮ್ಮನಿದ್ದರೆ ಅತ್ತೆಯ ಜೀವಕ್ಕೆ ಕುತ್ತು, ಬಾಯಿಬಿಟ್ಟರೆ ಮಾವ ಮತ್ತೆ ಮೂಲೆ ಸೇರುತ್ತಾರೆ.

"ಯಾಕೇ ನಿಂತೆ?" ಅಂದರು ಅತ್ತೆ.

"ಇಳೀರಿ ಅತ್ತೆ."

"ಈಗ ತಾನೇ ಹತ್ತಿದ್ದೀನಲ್ಲೇ! ನನ್ನ ಮಂಡಿ ಏನು ಬಿಟ್ಟಿ ಬಿದ್ದಿದ್ಯಾ?"

"ಇಳೀರಿ ಅಂದ್ನಲ್ಲ!"

ಆ ದನಿಗೆ ಅವಳೇ ಬೆಚ್ಚಿದಳು. ಅತ್ತೆ ತೆಪ್ಪಗೆ ಇಳಿದರು. ಅವಳು ಮಾವನ ಮುಂದೆ ಕೈ ಚಾಚಿದಳು.

"ಸ್ಪ್ಯಾನರ್ ಕೊಡಿ ಮಾವ."

ಮಾವನ ಮುಖ ಕಪ್ಪಿಟ್ಟಿತು. "ಯಾಕೆ? ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

ಸೊಸೆ ಚಾಚಿದ ಕೈ ಹಿಂದೆಗೆಯಲಿಲ್ಲ. "ಇಲ್ಲ ಮಾವ."

ಅವರು ಜೇಬಿನಿಂದ ಸ್ಪ್ಯಾನರ್ ತೆಗೆದು, ಅವಳ ಕೈಗೆ ಕೊಡದೆ ನೆಲಕ್ಕೆಸೆದರು. ಅವಳು ಹೆಕ್ಕಿಕೊಂಡು ಚಕ್ರದ ಮುಂದೆ ಕೂತಳು. ಬಿಗಿಯಾಗಿಯೇ ಇರಲಪ್ಪಾ, ನಾನೇ ದಡ್ಡಿಯಾದರೂ ಸರಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನಟ್ಟು ಸಲೀಸಾಗಿ ತಿರುಗಿತು. ಇನ್ನೂ ತಿರುಗಿತು. ಆಚೆ ಬದಿಯದೂ ಹಾಗೆಯೇ.

ಮಾವ ಅದನ್ನು ನೋಡಿದರು. ಡಬ್ಬಿಯನ್ನು ಎದೆಗವಚಿ ನಿಂತಿದ್ದ ಹೆಂಡತಿಯನ್ನು ನೋಡಿದರು, ಇಳಿಜಾರನ್ನು ನೋಡಿದರು. ಗೋಡೆ ಹಿಡಿದುಕೊಂಡು ಬಂದು ಸೈಕಲ್ಲಿನ ಪಕ್ಕ ನೆಲದ ಮೇಲೆ ಕುಸಿದು ಕೂತರು. ಬೈಯುತ್ತಾರೆ ಎಂದುಕೊಂಡಳು ಸೊಸೆ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ಹ್ಯಾಂಡಲ್ಲಿಂದು ಬಿಚ್ಚು," ಎಂದರು ಮಾವ. "ಆಮೇಲೆ ಬ್ರೇಕಿಂದು. ಕ್ಯಾರಿಯರಿಂದು. ಎಲ್ಲಾ ಮೊದಲಿಂದ ಬಿಗಿ ಮಾಡು. ನಾನು ಮುಟ್ಟಿದ್ದು ಒಂದನ್ನೂ ನಂಬಬೇಡ ಕಣಮ್ಮ."