ಮೂಗು ಕಾಣುತ್ತದೆ

ಟ್ಯೂಬ್‌ಲೈಟ್ ಹಿಗ್ಗುತ್ತಿದೆ, ಕಾವಲಿಗೆ ಹೊಯ್ದ ದೋಸೆ ಹಿಟ್ಟಿನ ಹಾಗೆ ನಾಲ್ಕೂ ಕಡೆ ಹರಡುತ್ತಿದೆ, ಕಣ್ಣಿಗೆ ಬಿಟ್ಟ ಡ್ರಾಪ್ಸ್ ಕೆಲಸ ಶುರು ಮಾಡಿತು — ವಸಂತಕುಮಾರಾ, ಸುಮ್ಮನೆ ಕೂತಿರು, ಕಣ್ಣು ಉಜ್ಜಬೇಡ, ಪಕ್ಕದಲ್ಲಿ ಜಲಜಾಕ್ಷಿ ಇದ್ದಾಳೆ, ಉಜ್ಜಿದರೆ ಕೈಗೇ ಒಂದು ಬಿಟ್ಟಾಳು, ಹೆಂಡತಿಯೋ ಪೊಲೀಸೋ — ಕ್ಯಾಲೆಂಡರ್ ಮಸುಕು, ಎದುರು ಕೂತವರೆಲ್ಲ ಮಸುಕು, ಆದರೆ ನಡುವೆ ತೂತಿಲ್ಲ, ಇಲ್ಲ ತಾನೇ? ಅಮ್ಮನಿಗೆ ಇದ್ದದ್ದು ಆ ತೂತು. ಡೊಂಬಿವಲಿಯ ಹಳೇ ಚಾಳಿನ ಒಂದೇ ಕೋಣೆ, ನಾನು ಹೋಟೆಲಿನಿಂದ ಬಂದು ಎದುರು ಕೂತರೆ ಅಮ್ಮ ಮುಖವನ್ನು ಗೋಡೆಗೆ ತಿರುಗಿಸುತ್ತಾಳೆ, ಸಿಟ್ಟಿನಿಂದಲ್ಲ, ಕಣ್ಣಿನ ಕೊನೆಯಿಂದ ನನ್ನನ್ನು ಹುಡುಕುವುದಕ್ಕೆ, ನಿನ್ನ ಕೆಬಿ ತೋಜುಂಡು ಮಗಾ, ಮೂಂಕು ತೋಜುಜಿ, ಕಿವಿ ಕಾಣುತ್ತದಂತೆ, ಮೂಗು ಕಾಣುವುದಿಲ್ಲವಂತೆ, ಕೈ ಚಾಚಿ ನನ್ನ ಮೂಗು ಮುಟ್ಟಿ ನೋಡುತ್ತಾಳೆ, ವಯಸ್ಸಾಯಿತಲ್ಲ ಅಂತ ನಾವೆಲ್ಲ ಸುಮ್ಮನಾದೆವು. ಹೋದ ವರ್ಷ ಇದೇ ಆಸ್ಪತ್ರೆಯಲ್ಲಿ ಧಾರವಾಡ ಮೂಲದ ಈ ಡಾಕ್ಟರ್ ಮಲ್ಲಿಕಾ ಹೇಳಿದ್ದರು, ಕಾಕಾ, ಕಣ್ಣಿನ ಪರದೆ ಮ್ಯಾಲ ಹಳದಿ ಚುಕ್ಕಿ ಅದಾವ್ರಿ, ನಿಮ್ಮ ತಾಯಿಗೆ ಬಂದದ್ದರ ಸುರುವಾತು, ಅಳಸಾಕ ಬರಂಗಿಲ್ಲ, ಬೆಳೀದಂಗ ನೋಡಿಕೋಬಹುದು, ಮೊದಲ ಸಿಗರೇಟ್ ಬಿಡ್ರಿ. ಅವತ್ತು ಮೆಟ್ಟಿಲು ಇಳಿಯುವಾಗಲೇ ಜೇಬಿನ ಸಿಗರೇಟ್ ಪ್ಯಾಕು ಜಲಜಾಕ್ಷಿಯ ಕೈಗೆ ಕೊಟ್ಟೆ.

ಬಿಟ್ಟೆ. ಬಿಟ್ಟೇಬಿಟ್ಟೆ! ಹೋಟೆಲಿನ ಹಿಂಬಾಗಿಲಲ್ಲಿ ದಿನವಿಡೀ ಹೊಗೆ ಬಿಟ್ಟುಕೊಂಡು ನಿಂತಿದ್ದವನು, ಮೊದಮೊದಲು ಚಡಪಡಿಸಿ ಗಿರಾಕಿಗಳ ಮೇಲೆಲ್ಲ ಹರಿಹಾಯ್ದೆ, ಬಾಯಿಗೆ ಲವಂಗ ಹಾಕಿಕೊಂಡು ಹಲ್ಲು ಕಚ್ಚಿದೆ — ಆಮೇಲೆ ಕ್ಯಾರೆಟ್ಟು ಕಣ್ಣಿಗೆ ಒಳ್ಳೆಯದಲ್ಲವೇ ಅಂತ ನಮ್ಮದೇ ಹೋಟೆಲಿನ ಕ್ಯಾರೆಟ್ ಹಲ್ವಾ, ದಿನಾ ಒಂದು ಪ್ಲೇಟು, ತುಪ್ಪ ತೇಲುವಂಥದ್ದು, ಔಷಧವೆಂಬ ಭಕ್ತಿಯಿಂದ ತಿಂದೆ, ಜಲಜಾಕ್ಷಿ ಪ್ಲೇಟು ಕಸಿದುಕೊಂಡಳು, ಶುಗರ್ ಬರಿಸಿಕೊಂಡು ಕಣ್ಣು ಉಳಿಸುವುದು ಎಂತ ಲೆಕ್ಕ ಮಾರಾಯ್ರೆ? ಹಲ್ವಾ ಹೋಯಿತು, ಹರಿವೆ ಸೊಪ್ಪು ಬಂತು, ಬಸಳೆ ಬಂತು, ಹರಿವೆಯೇ ಮತ್ತೆ ಬಂತು, ಹೋಟೆಲು ಶುದ್ಧ ಸಸ್ಯಾಹಾರಿಯಾದರೇನು ಮನೆಯಲ್ಲಿ ಬೂತಾಯಿ ಮೀನಿನ ಪುಳಿಮುಂಚಿ ಉಂಟಲ್ಲ, ಡಾಕ್ಟರೇ ಮೀನು ತಿನ್ನಿ ಅಂದ ಮೇಲೆ ಸ್ವರ್ಗಕ್ಕೆ ಮೂರೇ ಗೇಣು, ಬೆಳಿಗ್ಗೆ ನಡಿಗೆ, ಬಿಪಿ ಮಾತ್ರೆ, ಬಿಸಿಲಿಗೆ ಕಪ್ಪು ಕನ್ನಡಕ, ಎಂಐಡಿಸಿ ರಸ್ತೆಯಲ್ಲಿ ಎಲ್ಲರೂ ಹೀರೋ ಬಂದ ಅಂತ ನಕ್ಕರು, ನಗಲಿ. ಡಾಕ್ಟರ್ ಚೌಕುಳಿ ಗೆರೆಯ ಒಂದು ಕಾರ್ಡ್ ಕೊಟ್ಟಿದ್ದರು, ದಿನಾ ಒಂದೊಂದೇ ಕಣ್ಣು ಮುಚ್ಚಿ ನೋಡ್ರಿ, ಗೆರೆ ಸೊಟ್ಟ ಕಂಡರ ಓಡಿ ಬರ್ರಿ. ಕಾರ್ಡ್ ಯಾಕೆ, ಕಾವಲಿಯ ಹಿಂದೆ ಬಿಳಿ ಟೈಲ್ಸ್ ಗೋಡೆಯೇ ಇದೆಯಲ್ಲ ಎಂಬ ನನ್ನ ಜಾಣತನ! ಒಂದು ಬೆಳಿಗ್ಗೆ ಗೆರೆ ಸೊಟ್ಟ. ಕಾವಲಿಯ ಮೇಲೆ ದೋಸೆ ಕರಟುತ್ತಿರಲಿ, ಏಪ್ರನ್ನಿನಲ್ಲೇ ರಿಕ್ಷಾ ಹತ್ತಿದೆ, ದಾರಿಯುದ್ದಕ್ಕೂ ನನ್ನ ಮೂಗನ್ನು ನಾನೇ ಮುಟ್ಟಿಕೊಳ್ಳುತ್ತಾ — ಡಾಕ್ಟರ್ ನೋಡಿದರು, ಏನೂ ಇಲ್ಲ, ತಿರುಗಿ ಬಂದರೆ ದೋಸೆ ಹೊಯ್ಯುವ ಅಂಗಾರ ಹೊಟ್ಟೆ ಹಿಡಿದು ನಗುತ್ತಾನೆ, ಅಣ್ಣೇರೇ, ಬೆಂಕಿ ಕಾವಿಗೆ ಟೈಲ್ಸ್ ಎದ್ದದ್ದು, ನಿಮ್ಮ ಕಣ್ಣು ಎಂತ ಮಾಡ್ತದೆ ಅದಕ್ಕೆ? ಅಂದಿನಿಂದ ಕಾರ್ಡ್ ಮನೆಯ ಫ್ರಿಜ್ ಮೇಲೆ ಅಂಟಿದೆ.

ವಸಂತಕುಮಾರ್, ಅಂದರ್ ಆಯಿಯೇ — ಒಳಗೆ ಕರೆದರು, ಎದ್ದೆ, ಜಲಜಾಕ್ಷಿಯ ಕೈ ತಣ್ಣಗಿದೆ, ಬಾಯಿ ಜೋರಿದ್ದವಳ ಕೈ ತಣ್ಣಗೆ, ಗದ್ದ ಇಲ್ಲಿಡ್ರಿ, ಮ್ಯಾಲ ನೋಡ್ರಿ, ಕೆಳಗ, ಬೆಳಕು ತಲೆಬುರುಡೆಯೊಳಗೇ ಹೊಕ್ಕಿತು, ಆಮೇಲೆ ಡಾಕ್ಟರ್ ಕಂಪ್ಯೂಟರಿಗೆ ತಿರುಗಿದರು, ಏನು ಹುಡುಕುತ್ತಿದ್ದಾರೆ, ಅಮ್ಮ ಮುಖ ತಿರುಗಿಸುತ್ತಿದ್ದಾಳೆ, ಗೋಡೆಗೆ, ಗೋಡೆಗೆ — ಇದು ಹೋದ ವರ್ಷದ ಫೋಟೋ, ಇದು ಈಗಿಂದು, ಚುಕ್ಕಿ ಇದ್ದಷ್ಟ ಅದಾವ್ರಿ ಕಾಕಾ, ಒಂದೂ ಬೆಳದಿಲ್ಲ, ಮುಂದಿಂದು ಖಾತ್ರಿ ಕೊಡಾಕ ಬರಂಗಿಲ್ಲ, ಹಿಂಗ ನಡಸ್ರಿ. ಬೆಳೆದಿಲ್ಲ! ಒಂದೂ ಬೆಳೆದಿಲ್ಲ! ಜಲಜಾಕ್ಷಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಇವತ್ತು ರಾತ್ರಿಯೂ ಹರಿವೆಯೇ ಅಂದಳು, ಹಾಕು ಮಾರಾಯ್ತಿ, ಬೇಕಾದರೆ ಎಮ್ಮೆಗೆ ಹಾಕಿದ ಹಾಗೆ ಹಾಕು, ಗೆದ್ದೆವು, ಕೆಳಗೆ ರಸ್ತೆ, ಬಿಸಿಲು, ಕಪ್ಪು ಕನ್ನಡಕ, ರಿಕ್ಷಾಗಳ ಗದ್ದಲ, ಥಾಣೆ ಊರಿನ ಕಾಲೇಜಿನಿಂದ ಲೋಕಲ್ ರೈಲು ಹಿಡಿದು ನಮ್ಮನ್ನು ಕರೆದೊಯ್ಯಲು ಬಂದ ಮೊಮ್ಮಗಳು ಮಾನಸಿ, ಎದುರಿಗೇ ನಿಂತಿದ್ದಾಳೆ, ಕನ್ನಡಕ ತೆಗೆದೆ, ಬೆಳಕು ಚುಚ್ಚುತ್ತದೆ, ಚುಚ್ಚಲಿ, ಕಾಯ್ ಝಾಲಂ ಅಜ್ಜಾ, ಅಸಾ ಕಾ ಬಘತೋಯ್ಸ್, ಹೀಗೇಕೆ ನೋಡುತ್ತೀ ಅಂತ ಕೇಳುತ್ತಾಳೆ, ಹೇಗೆ ನೋಡುತ್ತೇನೆ ಮಗಾ, ನೇರ ನೋಡುತ್ತೇನೆ, ಗೋಡೆಗೆ ತಿರುಗದೆ, ಅಂಚು ಮಸುಕು, ಕಿವಿ ಮಸುಕು, ನಡುವೆ ನಿನ್ನ ಮೊಂಡು ಮೂಗು, ಅಮ್ಮನದೇ ಮೂಗು, ತುದಿಯಲ್ಲಿ ಬೆವರಿನ ಹನಿ, ತೋಜುಂಡು ಅಮ್ಮಾ, ಮೂಂಕು ತೋಜುಂಡು, ಮೂಗು, ಹನಿ, ಮೂಗು —